ಮುಯ್ಯಿ ಎಂಬ ಮಾತು

ಕನ್ನಡದಲ್ಲಿ ಒಂದು ವಿಚಿತ್ರವಾದ ಮಾತಿದೆ. ಮದುವೆಯ ಚಪ್ಪರದ ಕೆಳಗೆ ನೆಂಟರೂ ನೆರೆಯವರೂ ಕೊಡುವ ಉಡುಗೊರೆಗೆ ನಾವು ಮುಯ್ಯಿ ಎನ್ನುತ್ತೇವೆ. ಹಗೆಯವನಿಗೆ ತಕ್ಕ ಶಾಸ್ತಿ ಮಾಡುವುದಕ್ಕೂ ಮುಯ್ಯಿ ತೀರಿಸುವುದು ಎಂದೇ ಹೆಸರು. ಪ್ರೀತಿಗೂ ಸೇಡಿಗೂ ಒಂದೇ ಮಾತು ಸಾಕೆಂದು ನಮ್ಮ ಹಿರಿಯರಿಗೆ ತೋರಿತಲ್ಲ, ಅದು ಸೋಜಿಗ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಈ ಎರಡು ಅರ್ಥಗಳಿಗೂ ಬೇರು ಒಂದೇ ಎಂಬುದು ತಿಳಿಯುತ್ತದೆ. ಕೊಟ್ಟದ್ದು ಮರಳಿ ಬರಬೇಕು, ಪಡೆದದ್ದನ್ನು ಮರಳಿಸಬೇಕು. ಅದು ತೆಂಗಿನಕಾಯಿಯೇ ಆಗಲಿ, ಬೈಗುಳವೇ ಆಗಲಿ.

ಹಳ್ಳಿಯ ದಿನನಿತ್ಯದ ಬಾಳು, ಅಲ್ಲಿನ ಕೆರೆ ತೋಪುಗಳು, ಅಕ್ಕಪಕ್ಕದವರ ಒಲುಮೆ, ಇವುಗಳ ಮಾತು ಬಂದಾಗ ಪಟ್ಟಣದಲ್ಲಿ ನೆಲೆಸಿದ ನಾವೆಲ್ಲ ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತೇವೆ. ಆ ನಿಟ್ಟುಸಿರಿನಲ್ಲಿ ಸುಖವಿದೆ, ಚರಿತ್ರೆಯಿಲ್ಲ. ನೆರೆಯವನ ಒಲುಮೆಗೂ ಒಂದು ಚರಿತ್ರೆ ಇರಬಾರದೇಕೆ? ಅದು ಹೇಗೆ ನಡೆಯುತ್ತಿತ್ತು, ಯಾವುದರ ಮೇಲೆ ನಿಂತಿತ್ತು, ಯಾವಾಗ ಕುಸಿಯಿತು, ಯಾರನ್ನು ಹೊರಗಿಟ್ಟಿತ್ತು? ಈ ಹೊತ್ತು ನಾನು ಕೇಳಬೇಕೆಂದಿರುವುದು ಇಂಥ ಪ್ರಶ್ನೆಗಳನ್ನು. ಇಟ್ಟುಕೊಂಡಿರುವ ಉದಾಹರಣೆ ನನಗೆ ಪರಿಚಿತವಾದ ವಿರೂಪಾಕ್ಷಿಪುರದ ಸೀಮೆ.

ವಿರೂಪಾಕ್ಷಿಪುರ ಚನ್ನಪಟ್ಟಣ ತಾಲ್ಲೂಕಿನ ಒಂದು ಹೋಬಳಿಯ ಊರು. ಹೆಸರಿನಲ್ಲಿ ವಿಜಯನಗರದ ಅರಸರು ನಚ್ಚಿದ್ದ ದೇವರಿದ್ದಾನೆ. 1630ರಲ್ಲಿ ಚನ್ನಪಟ್ಟಣ ಜಗದೇವರಾಯನ ವಂಶದವರ ಕೈತಪ್ಪಿ ಮೈಸೂರು ಒಡೆಯರಿಗೆ ಸೇರಿತು. ಅದಾದ ಮೇಲೆ ಈ ಕಡೆಯ ಹಳ್ಳಿಗಳ ಹೆಸರು ಗ್ರಂಥಗಳಲ್ಲಿ ಕಾಣಿಸುವುದು ಅಪರೂಪ. ಜಿಲ್ಲೆಯ ಹೆಸರೇನೋ ಬದಲಾಗುತ್ತ ಬಂದಿದೆ: ಮೊದಲು ಬೆಂಗಳೂರು, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ಹೆಸರು ಯಾವುದಾದರೇನು, ಹೊಲದಲ್ಲಿ ರಾಗಿ, ಬದುವಿನಲ್ಲಿ ಹೊಂಗೆ, ಕೆರೆಯ ಹಿಂದೆ ತೆಂಗು, ಈಚೆಗೆ ಹಿಪ್ಪುನೇರಳೆ. ಒಂದು ಕಡೆ ಕಣ್ವ, ಇನ್ನೊಂದು ಕಡೆ ಶಿಂಷಾ. ಎರಡೂ ಮಳೆಯನ್ನು ನಂಬಿದ ಹೊಳೆಗಳು.

ಮಳೆಯನ್ನು ನಂಬಿದ ಬೇಸಾಯದ ಮೊದಲನೆಯ ಕಷ್ಟವೆಂದರೆ ಎಲ್ಲರಿಗೂ ಒಂದೇ ದಿನ ಕೆಲಸ ಬರುವುದು. ಹದ ಬಂದ ಮೂರು ನಾಲ್ಕು ದಿನಗಳಲ್ಲಿ ಬಿತ್ತನೆ ಮುಗಿಯಬೇಕು. ಕಳೆ ಎದ್ದಾಗ ಎಲ್ಲರ ಹೊಲದಲ್ಲೂ ಏಳುತ್ತದೆ. ತೆನೆ ಬಲಿತ ಮೇಲೆ ಮೋಡ ಕವಿದರೆ ಕೊಯ್ಲು ನಾಳೆಗೆ ನಿಲ್ಲುವುದಿಲ್ಲ. ಒಂದು ಸಂಸಾರದ ನಾಲ್ಕು ಕೈಗಳಿಂದ ಇದು ಸಾಧ್ಯವಿಲ್ಲ. ಕೂಲಿಗೆ ಕೊಡಲು ಆ ಕಾಲದಲ್ಲಿ ಕಾಸೂ ಇರಲಿಲ್ಲ. ಈ ಇಕ್ಕಟ್ಟಿನಿಂದ ಹುಟ್ಟಿದ್ದು ಮುಯ್ಯಾಳಿನ ಪದ್ಧತಿ. ಇಂದು ನಿಮ್ಮ ಹೊಲಕ್ಕೆ ನಮ್ಮ ಮನೆಯ ಇಬ್ಬರು, ನಾಳಿದ್ದು ನಮ್ಮ ಹೊಲಕ್ಕೆ ನಿಮ್ಮವರಿಬ್ಬರು. ಆಳಿಗೆ ಆಳು, ಏರಿಗೆ ಏರು. ಒಂದೇ ಎತ್ತು ಉಳ್ಳವನು ಇನ್ನೊಂದೇ ಎತ್ತು ಉಳ್ಳವನೊಡನೆ ಕೂಡಿ ಜೋಡಿ ಮಾಡಿಕೊಳ್ಳುತ್ತಿದ್ದ. ಕೆಲಸ ಮಾಡಿಸಿಕೊಂಡ ಮನೆಯವರು ಮಧ್ಯಾಹ್ನ ಮುದ್ದೆ, ಸಾರು ಹೊತ್ತು ತರಬೇಕು. ಆ ಸಾರು ತೆಳ್ಳಗಿದ್ದರೆ ಮುಂದಿನ ವರ್ಷದವರೆಗೂ ಅದು ಊರಿನಲ್ಲಿ ಮಾತಾಗುತ್ತಿತ್ತು.

ಇದರ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಹೆಂಗಸರ ನೆನಪಿನಲ್ಲಿ ಇತ್ತು. ಪುಸ್ತಕಕ್ಕೆ ಏರಿದ್ದು ಮದುವೆಯ ಮುಯ್ಯಿ ಮಾತ್ರ. ಅಂಥ ಮುಯ್ಯಿ ಪುಸ್ತಕಗಳನ್ನು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ನಾನು ನೋಡಿದ್ದೇನೆ. ಅಂಚು ಮಡಿಸಿದ ಉದ್ದನೆಯ ಹಾಳೆಗಳಲ್ಲಿ, ಇಂಥ ಮನೆಯವರದು ತೆಂಗಿನಕಾಯಿ ಎರಡು, ಇಂಥವರದು ಅಕ್ಕಿ ಸೇರು ಒಂದು, ಬೆಲ್ಲದಚ್ಚು ನಾಲ್ಕು, ನಗದು ಎಂಟಾಣೆ ಎಂದು ಸಾಲುಸಾಲಾಗಿ ಬರೆದಿರುತ್ತದೆ. ಆ ಮನೆಯಲ್ಲಿ ಶುಭಕಾರ್ಯ ನಡೆದಾಗ ಪುಸ್ತಕ ತೆರೆದು ನೋಡಿ, ಬಂದುದಕ್ಕಿಂತ ತುಸು ಹೆಚ್ಚು ಕೊಡಬೇಕು. ಆ ತುಸು ಹೆಚ್ಚು ಎಂಬುದರಲ್ಲಿಯೇ ಗುಟ್ಟಿದೆ. ಸರಿಸಮ ಮಾಡಿದರೆ ಲೆಕ್ಕ ಮುಗಿಯಿತು, ಸಂಬಂಧವೂ ಮುಗಿಯಿತು. ಹೆಚ್ಚು ಕೊಟ್ಟರೆ ಅವರು ಮತ್ತೆ ನಮಗೆ ಬಾಕಿ. ಎರಡು ಮನೆಗಳು ಹೀಗೆ ತಲೆಮಾರುಗಟ್ಟಲೆ ಒಂದಕ್ಕೊಂದು ಬಾಕಿಯಾಗಿ ಉಳಿಯುತ್ತಿದ್ದವು. ಪಟ್ಟಣದ ನಮಗೆ ಸಾಲವೆಂದರೆ ತೀರಿಸಿ ಮುಗಿಸಬೇಕಾದ ಭಾರ. ಅವರಿಗೆ ಅದು ಮುಗಿಯಬಾರದ ನಂಟು.

ಸಣ್ಣಪುಟ್ಟ ಸಾಲಗಳಂತೂ ದಿನವಿಡೀ ನಡೆಯುತ್ತಿದ್ದವು. ಬೆಂಕಿಪೊಟ್ಟಣ ದುಬಾರಿಯಾಗಿದ್ದ ಕಾಲದಲ್ಲಿ ಬೆಳಗ್ಗೆ ಯಾವ ಮನೆಯ ಮಾಡಿನಿಂದ ಹೊಗೆ ಮೊದಲು ಏಳುತ್ತದೆಯೋ ಆ ಮನೆಗೆ ಮಡಕೆಯ ಚೂರು ಹಿಡಿದು ಕೆಂಡಕ್ಕೆ ಹೋಗುತ್ತಿದ್ದರು. ಹಾಲಿಗೆ ಹೆಪ್ಪು, ಕೂಸಿಗೆ ಬಜೆ, ಬಾಣಂತಿಗೆ ಒಂದು ಹಿಡಿ ಮೆಂತ್ಯ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ನಿಯಮವನ್ನು ಮೂಢನಂಬಿಕೆ ಎಂದು ನಗಬಹುದು. ನನಗಂತೂ ಅದು ಬಾಗಿಲು ಮುಚ್ಚುವ ಹೊತ್ತೊಂದನ್ನು ಗೊತ್ತುಮಾಡಿದ ಉಪಾಯವಾಗಿ ಕಾಣುತ್ತದೆ. ಮಜ್ಜಿಗೆಯನ್ನು ಮಾರುವುದು ಹೀನಾಯವೆಂಬ ಭಾವನೆ ಇತ್ತು. ಬೆಣ್ಣೆ ಮನೆಯದು, ಮಜ್ಜಿಗೆ ಕೇರಿಯದು. ಕರಾವು ಇಲ್ಲದ ಮನೆಯ ಮಕ್ಕಳು ಚೆಂಬು ಹಿಡಿದು ಬಂದು ಹೊಸಲಿನಾಚೆ ನಿಂತರೆ ಏನು ಎಂದು ಯಾರೂ ಕೇಳುತ್ತಿರಲಿಲ್ಲ. ಸಾವಾದ ಮನೆಯಲ್ಲಿ ಒಲೆ ಉರಿಯುವಂತಿಲ್ಲ. ಹೆಣ ಎತ್ತುವವರೆಗೆ ಅಕ್ಕಪಕ್ಕದವರೂ ಒಲೆ ಹಚ್ಚುತ್ತಿರಲಿಲ್ಲ. ಎತ್ತಿದ ಮೇಲೆ ಆ ಮನೆಯವರಿಗೆ ಅನ್ನ ಬರುತ್ತಿದ್ದುದು ಪಕ್ಕದ ಮನೆಗಳಿಂದ.

ಹೊಲವೂ ಈ ಲೆಕ್ಕದ ಹೊರಗಿರಲಿಲ್ಲ. ನಮ್ಮ ಕಡೆಯ ರಾಗಿ ಹೊಲದಲ್ಲಿ ಬರಿಯ ರಾಗಿ ಇರುವುದಿಲ್ಲ. ಕೆಲವು ಸಾಲಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು. ಮಳೆ ಬೇಗ ನಿಂತು ರಾಗಿ ಸೋತರೂ ಹಿಂಗಾರಿನ ಇಬ್ಬನಿಯಲ್ಲಿ ಅವರೆ ಗೆಲ್ಲುತ್ತದೆ. ಹುಚ್ಚೆಳ್ಳು ಹಳದಿಯಾಗಿ ಹೂತಾಗ ಜೇನು ಬರುತ್ತದೆ. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಗಳನ್ನು ಒಡೆಯನು ಆಯುವಂತಿಲ್ಲ. ಅದು ಹಕ್ಕಲು, ಇಲ್ಲದವರ ಪಾಲು. ಅವರು ಆಯ್ದು ಮಿಕ್ಕಿದ್ದು ಗುಬ್ಬಿ ಗೊರವಂಕಗಳಿಗೆ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಹೂಳೆತ್ತಿದಂತಾಯಿತು. ಗಾಡಿಯಿಲ್ಲದವನ ಹೊಲಕ್ಕೂ ಮುಯ್ಯಿಯಲ್ಲಿ ಗಾಡಿ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ಈ ಸಂಸ್ಥಾನದಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಜಾಣತನದ ಕೆಲಸ ಎಂಬರ್ಥದ ಮಾತು ಬರೆದ. ಅಷ್ಟು ಕೆರೆಗಳನ್ನು ಕಟ್ಟಿಸಿದ ಅರಸರ ಮತ್ತು ಪಾಳೆಯಗಾರರ ಹೆಸರು ಶಾಸನಗಳಲ್ಲಿ ಸಿಗುತ್ತದೆ. ಅವುಗಳನ್ನು ಉಳಿಸಿದ ಗಾಡಿಗಳ ಲೆಕ್ಕ ಸಿಗುವುದಿಲ್ಲ.

ಸಿಗುವ ಲೆಕ್ಕವೆಂದರೆ ಕಣದ್ದು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಚನ್ನಪಟ್ಟಣದ ದಾರಿಯಲ್ಲಿಯೇ ಹೋದ. ಟಿಪ್ಪು ಮಡಿದು ಆಗಿನ್ನೂ ಒಂದು ವರ್ಷ. ಕಂಡದ್ದನ್ನೆಲ್ಲ ಬರೆದುಕೊಳ್ಳುವ ಚಪಲ ಆತನಿಗೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನು ಬರೆದ. ಬೆಂಗಳೂರಿನ ಸುತ್ತಿನ ಹಳ್ಳಿಗಳಲ್ಲಿ ಕಣದ ರಾಶಿ ಹಂಚುವ ಕ್ರಮವನ್ನೂ ಸೇರುಸೇರಾಗಿ ಬರೆದ. ಸರ್ಕಾರಕ್ಕೆಷ್ಟು, ಒಕ್ಕಲಿಗೆಷ್ಟು ಎಂದು ಅಳೆಯುವ ಮುನ್ನವೇ ದೇವರಿಗೆ, ಬೇಡಿ ಬಂದವರಿಗೆ, ಜೋಯಿಸನಿಗೆ, ಕ್ಷೌರಿಕನಿಗೆ, ಕುಂಬಾರನಿಗೆ, ಕಮ್ಮಾರನಿಗೆ, ಅಗಸನಿಗೆ, ತೋಟಿಗೆ, ಗೌಡನಿಗೆ, ಶಾನುಭೋಗನಿಗೆ, ಕೆರೆಯ ತೂಬು ಕಾಯುವ ನೀರುಗಂಟಿಗೆ ಪಾಲು ತೆಗೆದಿಡಬೇಕು. ಹತ್ತು ವರ್ಷಗಳ ತರುವಾಯ, 1810ರಲ್ಲಿ, ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಚರಿತ್ರೆಯ ಗ್ರಂಥದಲ್ಲಿ ಊರಿನ ಹನ್ನೆರಡು ಆಯಗಾರರನ್ನು ಹೆಸರಿಸಿ ಒಂದು ಸ್ವಾರಸ್ಯದ ಸಂಗತಿಯನ್ನು ಹೇಳುತ್ತಾನೆ. ಕೆಲವು ಕಡೆ ಆ ಹನ್ನೆರಡರಲ್ಲಿ ಅಕ್ಕಸಾಲಿಗನ ಜಾಗದಲ್ಲಿ ಕವಿ ಇದ್ದನಂತೆ! ಅನೇಕ ವೇಳೆ ಊರಿನ ಮಕ್ಕಳಿಗೆ ಅಕ್ಷರ ಕಲಿಸುವವನೂ ಅವನೇ. ಕಣದ ರಾಶಿಯಲ್ಲಿ ಕವಿಗೂ ಪಾಲಿದ್ದ ಕಾಲವೊಂದಿತ್ತು ಎಂಬುದು ನಮ್ಮ ಲೇಖಕಮಿತ್ರರಿಗೆ ಹಿತವಾದ ಸುದ್ದಿಯಾದೀತು.

ಈ ಏರ್ಪಾಡು ಎಷ್ಟು ಭಾರವನ್ನು ತಡೆಯಬಲ್ಲದಾಗಿತ್ತು? ಇದಕ್ಕೆ ಉತ್ತರ ಹಗೇವಿನಲ್ಲಿದೆ. ಹಗೇವು ಎಂದರೆ ಗಟ್ಟಿನೆಲದಲ್ಲಿ ತೋಡಿದ, ಬಾಯಿ ಕಿರಿದಾದ ರಾಗಿಯ ಕಣಜ. ರಾಗಿಗೆ ಹುಳು ಬೀಳುವುದು ಕಡಮೆ. ಗಾಳಿ ಆಡದ ನೆಲದೊಳಗೆ ಅದು ಅನೇಕ ವರ್ಷ ಕೆಡದೆ ಇರುತ್ತದೆ. ಹಗೇವು ತೆಗೆದ ಕೂಡಲೇ ಇಳಿಯುವಂತಿಲ್ಲ; ಒಳಗಿನ ಗಾಳಿಗೆ ಉಸಿರುಕಟ್ಟಿ ಸತ್ತವರುಂಟು. ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಉಳ್ಳವನ ಹಗೇವು ತೆರೆದ ದಿನ ಇಲ್ಲದವರಿಗೆ ಅದು ಗೊತ್ತಾಗದೆ ಇರುತ್ತಿರಲಿಲ್ಲ. ಕೊಳಗದಲ್ಲಿ ಅಳೆದು ಒಯ್ಯುತ್ತಿದ್ದರು; ಸುಗ್ಗಿಯಲ್ಲಿ ತುಸು ಸೇರಿಸಿ ತಂದು ಸುರಿಯುತ್ತಿದ್ದರು. ಆ ತುಸುವಿನಲ್ಲಿ ಎಲ್ಲರ ಕೈಯೂ ಒಂದೇ ಹದದಲ್ಲಿರಲಿಲ್ಲವೆಂಬುದನ್ನೂ ಹೇಳಬೇಕು. ಎರಡು ಕೊಳಗ ಕೊಟ್ಟು ಮೂರು ಅಳೆಸಿಕೊಂಡವರೂ ನೆರೆಯವರೇ.

1875ರಲ್ಲಿ ಮಳೆ ಸೋತಿತು. ಕೂಡಿಟ್ಟಿದ್ದ ರಾಗಿ ಆ ವರ್ಷವನ್ನು ಹೇಗೋ ದಾಟಿಸಿತು. 1876ರಲ್ಲಿ ಮತ್ತೆ ಸೋತಿತು. ಮರು ವರ್ಷವೂ ಬವಣೆ ಮುಗಿಯಲಿಲ್ಲ. ಅವು ಧಾತು ಮತ್ತು ಈಶ್ವರ ಸಂವತ್ಸರಗಳು. ಧಾತು ಈಶ್ವರ ಬರ ಎಂದು ನಮ್ಮ ಹಿರಿಯರು ದನಿ ತಗ್ಗಿಸಿ ಹೇಳುತ್ತಿದ್ದುದು ಇದನ್ನೇ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಜನ ನೂರಕ್ಕೆ ಹದಿನೇಳರಷ್ಟು ಕಡಮೆಯಾದರು. ಮುಯ್ಯಿಯ ನೀತಿ ಇಲ್ಲಿ ಸೋತಿತು. ಅದು ಸೋಲಲೇಬೇಕಾಗಿತ್ತು. ಒಬ್ಬನಿಗೆ ಇದ್ದು ಇನ್ನೊಬ್ಬನಿಗೆ ಇಲ್ಲದಾಗ ನಡೆಯುವ ವ್ಯವಹಾರವದು. ಎಲ್ಲರಿಗೂ ಇಲ್ಲದಾದಾಗ ಕೊಡುವವರಾರು, ತೀರಿಸುವ ಸುಗ್ಗಿ ಎಲ್ಲಿ? ಜನ ಊರು ಬಿಟ್ಟು ಗಂಜಿಯಿದ್ದ ಕಡೆಗೆ, ಕಾಮಗಾರಿಯಿದ್ದ ಕಡೆಗೆ ನಡೆದರು. ಬೆಂಗಳೂರಿನಿಂದ ಚನ್ನಪಟ್ಟಣದ ಮೇಲೆ ಮೈಸೂರಿಗೆ ಹೋಗುವ ರೈಲುದಾರಿಯ ಮಣ್ಣಿನ ಕೆಲಸ ಮೊದಲಾದುದು ಬರಗಾಲದ ಪರಿಹಾರವಾಗಿ. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. ಆ ಏರಿಯ ಮೇಲೆ ಕಿಟಕಿಯ ಪಕ್ಕದಲ್ಲಿ ಕುಳಿತು ಹೋಗುವಾಗ ಮದ್ದೂರು ವಡೆಯ ನೆನಪು ಬರುವುದು ಸಹಜ. ಬುಟ್ಟಿಯಲ್ಲಿ ಮಣ್ಣು ಹೊತ್ತವರ ನೆನಪು ಒಮ್ಮೆಯಾದರೂ ಬರಬೇಕು.

ಬರದ ಮಾತು ಬಂದುದರಿಂದ ಇನ್ನೊಬ್ಬ ವಿದ್ವಾಂಸರ ಲೆಕ್ಕವನ್ನು ಮುಂದಿಡಬೇಕು. ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ನಮ್ಮ ನೆರೆಯ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಇರಲಿಲ್ಲ. ಒಕ್ಕಲು ಮನೆತನಕ್ಕೂ ಅದರ ವಂಶಪಾರಂಪರ್ಯದ ಆಳುಗಳಿಗೂ ನಡುವೆ ನಡೆಯುತ್ತಿದ್ದ ಕಾಳಿನ ಕೊಡುವಿಕೆಯನ್ನು ಅವರು ಗಮನಿಸಿದರು. ಆಳಿನ ಪಾಲು ವರ್ಷವರ್ಷವೂ ಅಷ್ಟೇ, ಬೆಳೆ ಹೆಚ್ಚಲಿ ತಗ್ಗಲಿ. ಹಾಗಾದರೆ ಕೆಟ್ಟ ವರ್ಷದಲ್ಲಿ ಒಡೆಯನಿಗೂ ಆಳಿಗೂ ಉಳಿಯುವುದು ಹೆಚ್ಚುಕಡಮೆ ಒಂದೇ, ಇಬ್ಬರೂ ಬದುಕುತ್ತಾರೆ. ಒಳ್ಳೆಯ ವರ್ಷದಲ್ಲಿ ಮಿಕ್ಕದ್ದೆಲ್ಲ ಒಡೆಯನಿಗೆ. 1967ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅವರು ಈ ವಾದವನ್ನು ಬೆಳೆಸಿದ್ದಾರೆ. ಇದನ್ನು ಓದಿದಾಗ ನನಗೆ ಮೆಚ್ಚುಗೆಯೂ ಆಯಿತು, ಇರಿಸುಮುರಿಸೂ ಆಯಿತು. ಹಸಿವಿನಲ್ಲಿ ಸಮಪಾಲು, ಸುಭಿಕ್ಷದಲ್ಲಿ ಇಲ್ಲ. ಇದನ್ನು ಕರುಣೆ ಎನ್ನೋಣವೆ, ಜಾಣತನ ಎನ್ನೋಣವೆ?

ಆ ಆಳಿಗೆ ಈ ಸೀಮೆಯಲ್ಲಿದ್ದ ಹೆಸರು ಹಳೆಮಗ. ಮಗ ಎಂಬ ಮಾತು ಅದರಲ್ಲಿದೆ. ಹಳ್ಳಿಯಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಅಣ್ಣ, ಅಕ್ಕ, ಮಾವ, ಭಾವ ಎನ್ನದೆ ಬರಿಯ ಹೆಸರು ಹಿಡಿದು ಕೂಗುವುದು ಒರಟುತನ. ಆದರೆ ಈ ಮಗನು ತಂದೆಯ ಹಜಾರವನ್ನು ಹತ್ತುವಂತಿರಲಿಲ್ಲ. ಅವನು ಅಪ್ಪಾ ಎಂದು ಕರೆಯುತ್ತಿರಲಿಲ್ಲ, ಬುದ್ಧಿ ಎಂದು ಓಗೊಡುತ್ತಿದ್ದ. ಅವನಿಗೆ ಮಜ್ಜಿಗೆ ಮೇಲಿನಿಂದ ಬೀಳುತ್ತಿತ್ತು, ಬೊಗಸೆಗೆ. ಕೇರಿಯ ಮಜ್ಜಿಗೆ ಎಂದು ಆಗಲೇ ಹೇಳಿದೆನಲ್ಲ, ಆ ಕೇರಿ ಯಾವ ಬೇಲಿಗೆ ನಿಲ್ಲುತ್ತಿತ್ತೆಂಬುದನ್ನು ಹೇಳದೆ ಹೋದರೆ ಚರಿತ್ರೆ ಅರ್ಧವಾಗುತ್ತದೆ. ಮುಯ್ಯಾಳು ನಡೆಯುತ್ತಿದ್ದುದು ಸರಿಸಮಾನರ ನಡುವೆ. ಹೊಲಗೇರಿಯಿಂದ ಬಂದ ದುಡಿಮೆಗೆ ಮರುದುಡಿಮೆ ಹೋಗುತ್ತಿರಲಿಲ್ಲ. ಕಣದ ಪಾಲು ಹೋಗುತ್ತಿತ್ತು, ಹಬ್ಬದ ಅನ್ನ ಹೋಗುತ್ತಿತ್ತು, ಅಷ್ಟೆ. ಇದೇ ಜಿಲ್ಲೆಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಊರುಕೇರಿ’. ಹೊಲದಲ್ಲಿ ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟು ಎಳೆಯುತ್ತಿದ್ದುದನ್ನೂ, ಅವರಲ್ಲೊಬ್ಬರು ತಮ್ಮ ತಂದೆಯೆಂಬುದನ್ನೂ ಅವರು ಅಲ್ಲಿ ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ನಗುವೂ ಧಾರಾಳವಾಗಿದೆ. ಅದೊಂದು ಬೇರೆಯೇ ಅಚ್ಚರಿ. ಗೊರೂರರ ‘ಹಳ್ಳಿಯ ಚಿತ್ರಗಳು’ ನಮ್ಮೆಲ್ಲರ ಪ್ರೀತಿಯ ಪುಸ್ತಕ. ಇವೆರಡನ್ನೂ ಒಂದೇ ಕಪಾಟಿನಲ್ಲಿ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬೇಕೆಂದು ನನ್ನ ಸಲಹೆ.

ಈ ಎರಡು ನೋಟಗಳನ್ನೂ ಬಲ್ಲವರಾಗಿದ್ದವರು ಎಂ. ಎನ್. ಶ್ರೀನಿವಾಸರು. 1948ರಲ್ಲಿ ಅವರು ಮೈಸೂರು ಜಿಲ್ಲೆಯ ಕೊಡಗಹಳ್ಳಿಯಲ್ಲಿ ನೆಲೆಸಿ ಟಿಪ್ಪಣಿಗಳನ್ನು ಮಾಡಿಕೊಂಡರು. 1970ರಲ್ಲಿ ಅಮೆರಿಕದ ಸ್ಟಾನ್‌ಫರ್ಡಿನಲ್ಲಿ, ಅವರ ಕೊಠಡಿಗೆ ಕಿಡಿಗೇಡಿಗಳು ಇಟ್ಟ ಬೆಂಕಿಯಲ್ಲಿ ಆ ಟಿಪ್ಪಣಿಗಳನ್ನು ಪರಿಷ್ಕರಿಸಿದ ಪ್ರತಿಗಳೆಲ್ಲ ಸುಟ್ಟುಹೋದವು. ನೆನಪನ್ನೇ ನಂಬಿ ಅವರು ಬರೆದ ಗ್ರಂಥ 1976ರಲ್ಲಿ ಬಂದಿತು. ಅದರಲ್ಲಿ ಹಳ್ಳಿಯ ಸಂಬಂಧಗಳ ಗುಣವನ್ನು ಕುರಿತೇ ಒಂದು ಅಧ್ಯಾಯವಿದೆ. ಕೊಟ್ಟುಕೊಳ್ಳುವ ನೀತಿ ಅಲ್ಲಿ ಮೊದಲು ಬರುತ್ತದೆ. ಅದರ ಬೆನ್ನಿಗೇ ಮೇಲುಕೀಳು, ಮುಖದಾಕ್ಷಿಣ್ಯ, ಗೆಳೆತನ ಮತ್ತು ಹಗೆತನ, ಕಾಡುಹರಟೆ, ಹೊಟ್ಟೆಕಿಚ್ಚು, ಕೊನೆಗೆ ಹಾಸ್ಯ. ಕಾಗದ ಸುಟ್ಟ ಮೇಲೆ ನೆನಪಿನಲ್ಲಿ ನಿಂತ ಹಳ್ಳಿಯಲ್ಲಿಯೂ ಒಲುಮೆ ಮತ್ತು ಹೊಟ್ಟೆಕಿಚ್ಚು ಒಂದೇ ಚಾವಡಿಯಲ್ಲಿ ಕುಳಿತಿದ್ದವು ಎಂಬುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಮುಯ್ಯಿ ಎಂಬ ಮಾತು ಇಟ್ಟುಕೊಂಡಿರುವ ಎರಡು ಅರ್ಥಗಳೂ ಅವೇ ಅಲ್ಲವೆ?

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾಯಿದೆಯಿಂದ ರದ್ದಾದವು. ಅದು 1963ರ ಫೆಬ್ರವರಿಯಿಂದ ಜಾರಿಗೆ ಬಂತು. ಗೌಡ, ಶಾನುಭೋಗರ ಅಧಿಕಾರ ಹೋದುದಕ್ಕೆ ಅಳುವವರು ಕಡಮೆ. 1976ರಲ್ಲಿ ಜೀತಪದ್ಧತಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಹಳೆಮಗ ಎಂಬ ಮಾತು ನಾಲಗೆಯಿಂದ ಮರೆಯಾಗತೊಡಗಿತು. ಅದು ಹೋದುದು ಒಳ್ಳೆಯದಾಯಿತು. ಆದರೆ ಎಪ್ಪತ್ತರ ದಶಕದ ನಡುವಿನಿಂದ ಹಳ್ಳಿಹಳ್ಳಿಗೂ ಹಾಲಿನ ಸಹಕಾರ ಸಂಘ ಬಂದಾಗ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಯಿತು. ಬೆಳಗ್ಗೆ ಸಂಜೆ ಹಾಲು ಕ್ಯಾನಿಗೆ ಹೋಯಿತು, ವಾರಕ್ಕೊಮ್ಮೆ ಹಣ ಹೆಂಗಸರ ಕೈಗೆ ಬಂತು. ಕಡೆಗೋಲು ಅಟ್ಟ ಸೇರಿತು. ಕಡೆಯದ ಮನೆಯಲ್ಲಿ ಮಜ್ಜಿಗೆ ಎಲ್ಲಿಂದ ಬರಬೇಕು? ಚೆಂಬು ಹಿಡಿದು ಹೊಸಲಿನಾಚೆ ನಿಲ್ಲಬೇಕಾಗಿದ್ದ ಮಗುವಿನ ತಾಯಿಯೂ ಈಗ ಸಾಲ ಪಡೆದು ಸೀಮೆಹಸು ಕಟ್ಟಿ ಸಂಘಕ್ಕೆ ಹಾಲು ಹಾಕುತ್ತಾಳೆ. ಮೇಲಿನ ಮನೆಯ ಪಾತ್ರೆಯೂ ಅವಳ ಪಾತ್ರೆಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಕಳೆದದ್ದು, ಬಂದದ್ದು, ಇವುಗಳಲ್ಲಿ ಯಾವುದು ಹೆಚ್ಚೆಂದು ಅಳೆಯುವ ಕೊಳಗ ನನ್ನಲ್ಲಿಲ್ಲ. ಬತ್ತುತ್ತಿದ್ದ ಕೆರೆಗಳಿಗೆ ಶಿಂಷಾ ನದಿಯ ಇಗ್ಗಲೂರು ಬ್ಯಾರೇಜಿನಿಂದ ಕೊಳವೆಯಲ್ಲಿ ನೀರು ಬಂದಿದೆ. ಗೋಡು ಹೊಡೆಯುವ ಗಾಡಿಗಳು ಮಾತ್ರ ಇಲ್ಲ.

ಮುಯ್ಯಾಳು ಪೂರ್ತಿ ಅಳಿಯಿತೆಂದು ಹೇಳುವವರನ್ನು ನಾನು ರೇಷ್ಮೆ ಹುಳುವಿನ ಮನೆಗೆ ಕರೆದುಕೊಂಡು ಹೋಗುತ್ತೇನೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಈ ನಾಡಿನಲ್ಲಿ ಬೇರೂರಿದ ಕಸುಬು ಇದು. ಇಲ್ಲಿನ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಹುಳು ನಾಲ್ಕು ಜ್ವರ ಕಳೆದು, ಸೊಪ್ಪನ್ನು ಹಗಲಿರುಳು ಮೆದ್ದು, ಒಂದು ದಿನ ಮೈಯೆಲ್ಲ ಹೊಳಪೇರಿ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಯ್ದು ಆ ಹೊತ್ತಿಗೇ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಸೊಪ್ಪಿನ ಕಡ್ಡಿಗಳ ಪಾಲಾಗುತ್ತದೆ. ಸಾವಿರಾರು ಹುಳುಗಳು ಒಟ್ಟಿಗೆ ಹಣ್ಣಾಗುತ್ತವೆ. ಮನೆಯವರ ಕೈ ಸಾಲದು. ರಾಗಿಯ ಕಳೆಯ ಕಷ್ಟ ಇಲ್ಲಿ ಮತ್ತೊಮ್ಮೆ ಬಂದು ನಿಂತಿದೆ. ಹುಳು ಹಣ್ಣಾಯಿತೆಂದು ಒಂದು ಮಾತು ಹೋದರೆ ಸಾಕು, ಅಕ್ಕಪಕ್ಕದ ಹೆಂಗಸರು ಕೈತೊಳೆದುಕೊಂಡು ಬರುತ್ತಾರೆ. ಕಾಫಿಯಾಗುತ್ತದೆ, ಮಾತಾಗುತ್ತದೆ, ಊರಿನ ಸುದ್ದಿಯೆಲ್ಲ ಆಗುತ್ತದೆ. ಕೂಲಿಯ ಮಾತನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಮುಂದಿನ ತಿಂಗಳು ಅವರ ಹುಳು ಹಣ್ಣಾಗುವುದಿದೆ.

ಚಂದ್ರಿಕೆಗಳೂ ಸಾಲವೇ. ಗೂಡು ಬಿಡಿಸಿದ ಮೇಲೆ ಅವುಗಳನ್ನು ಬಿಸಿಲಿಗೆ ಗೋಡೆಗೆ ಒರಗಿಸಿರುತ್ತಾರೆ. ಬಿದಿರಿನ ಬೆನ್ನ ಮೇಲೆ ಬಣ್ಣದಲ್ಲಿ ಗುರುತಿನ ಅಕ್ಷರಗಳು. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಅವುಗಳನ್ನು ಓದುತ್ತೇನೆ. ಒಂದು ಗೋಡೆಗೆ ಒರಗಿದ ಹತ್ತು ಚಂದ್ರಿಕೆಗಳಲ್ಲಿ ನಾಲ್ಕೈದಾದರೂ ಬೇರೆ ಮನೆಗಳವು.